ಬಾಡಿಗೆ ಮನೆಯ ತಂತಿ ಯಾರ ಹೊಣೆ?

ಕಳೆದ ವಾರ ನಮ್ಮ ಊರಿನ ಒಂದು ವಠಾರಕ್ಕೆ ನಾವು ಹೋಗಬೇಕಾಗಿ ಬಂತು. ಸಾಲಾಗಿ ಐದು ಮನೆಗಳು. ಹೊಲಿಗೆಯವರು, ಬಸ್ಸಿನ ಕಂಡಕ್ಟರು, ಅಂಗನವಾಡಿ ಕಾರ್ಯಕರ್ತೆ, ಹೀಗೆ ತಿಂಗಳ ದುಡಿಮೆಯಿಂದ ಬಾಳುವ ಐದು ಸಂಸಾರಗಳು. ಮಳೆ ಹಿಡಿದರೆ ಬಚ್ಚಲ ನಲ್ಲಿ ಜುಮ್ಮೆನ್ನುತ್ತದೆ, ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಕೈ ಹೊಡೆಯುತ್ತದೆ ಎಂಬುದು ಅವರ ದೂರು. ಎರಡು ವರ್ಷದಿಂದ ಹೇಳುತ್ತಲೇ ಇದ್ದಾರೆ. "ಚಪ್ಪಲಿ ಹಾಕಿಕೊಂಡು ಮುಟ್ಟಿ" ಎಂಬುದು ಮಾಲೀಕರ ಉತ್ತರ.

ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದೊಯ್ದು, ಮೇನ್ ಸ್ವಿಚ್ ಆರಿಸಿ, ಬೋರ್ಡು ಬಿಚ್ಚಿಸಿದೆವು. ಮನೆಗೆ ಅರ್ತಿಂಗ್ ಎಂಬುದೇ ಇರಲಿಲ್ಲ. ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರಕ್ಕೆ ಹಸಿರು ತಂತಿ ಬರಬೇಕಾದಲ್ಲಿ, ಪಕ್ಕದ ನ್ಯೂಟ್ರಲ್‌ನಿಂದಲೇ ಒಂದು ತುಂಡು ತಂತಿ ಎಳೆದು ಸಿಕ್ಕಿಸಿದ್ದರು. ಫ್ಯೂಸಿನಲ್ಲಿ ತೆಳು ಎಳೆಯ ಬದಲು ದಪ್ಪ ತಾಮ್ರದ ತಂತಿ ಸುತ್ತಿದ್ದರು. ಬಚ್ಚಲ ಗೋಡೆಯೊಳಗೆ, ಟೇಪು ಸುತ್ತಿದ ಗಂಟೊಂದು ತೇವ ಹಿಡಿದು ನೀರಿನ ಕೊಳವೆಗೆ ತಾಗಿತ್ತು.

ಆ ತುಂಡು ತಂತಿಯ ಅರ್ಥವನ್ನು ಓದುಗರು ತಿಳಿಯಬೇಕು. ಅದು ಇದ್ದರೆ ಎಲ್ಲವೂ ಸರಿಯಾಗಿಯೇ ನಡೆಯುವಂತೆ ತೋರುತ್ತದೆ. ಆದರೆ ಕಂಬಕ್ಕೂ ಮನೆಗೂ ನಡುವೆ ನ್ಯೂಟ್ರಲ್ ಒಮ್ಮೆ ಕಡಿದರೆ, ಉರಿಯುತ್ತಿರುವ ದೀಪ ಫ್ಯಾನುಗಳ ಮೂಲಕ ಹಾದು ಬಂದ ಕರೆಂಟು ಅದೇ ತುಂಡಿನ ದಾರಿ ಹಿಡಿದು ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಗೀಸರುಗಳ ಲೋಹದ ಮೈಗೆ ಏರುತ್ತದೆ. ಕಾಪಾಡಲೆಂದು ಇಟ್ಟ ಮೂರನೆಯ ಕಡ್ಡಿಯೇ 230 ವೋಲ್ಟನ್ನು ಮನುಷ್ಯರ ಕೈಗೆ ತಂದುಕೊಡುತ್ತದೆ. ಫ್ಯೂಸು ಅದನ್ನು ತಡೆಯುವುದಿಲ್ಲ. ಮನುಷ್ಯನ ಪ್ರಾಣಕ್ಕೆ ಸಾಕಾಗುವಷ್ಟು ಕರೆಂಟು ಫ್ಯೂಸನ್ನು ಬಿಸಿ ಮಾಡಲೂ ಸಾಲದು. ಸೋರಿಕೆ 30 ಮಿಲಿಆಂಪಿಯರ್ ತಲುಪುವ ಮೊದಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಎಲ್ಲ ಊರುಗಳಲ್ಲೂ ದೊರೆಯುತ್ತದೆ. ಈ ವಠಾರದಲ್ಲಿ ಅದೂ ಇರಲಿಲ್ಲ. ವಿದ್ಯುತ್ ಆಘಾತದಿಂದ ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆಂದು 2021 ಮತ್ತು 2022ರ ಸರ್ಕಾರಿ ಅಂಕಿ ಅಂಶಗಳೇ ಹೇಳುತ್ತವೆ.

ಬಾಡಿಗೆದಾರರೇ ಇದನ್ನು ಸರಿಪಡಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವನು ಇನ್ನೊಬ್ಬರ ಗೋಡೆಯೊಳಗೆ ಸಾವಿರಾರು ರೂಪಾಯಿ ಹೂಳುವುದು ಹೇಗೆ? ಬೇರೆಯವರ ಹೊಲಕ್ಕೆ ಗೊಬ್ಬರ ಹೊರಲು ಗೇಣಿದಾರ ಹಿಂಜರಿದಂತೆಯೇ ಇದು. ಅವನಿಗಾದರೂ ಕಾಗೋಡಿನ ಹೋರಾಟವಾಗಿ 23 ವರ್ಷಗಳ ಮೇಲೆ, 1974ರಲ್ಲಿ, ಕಾಯಿದೆಯ ಆಸರೆ ದೊರೆಯಿತು. ಮನೆಯ ಬಾಡಿಗೆದಾರನ ಮುಂಗಡ ಹಣ ಮಾತ್ರ ಮಾಲೀಕರ ಕೈಯಲ್ಲೇ ಇದೆ. ಬಾಯಿ ತೆರೆದರೆ "ಮನೆ ಖಾಲಿ ಮಾಡಿ" ಎಂಬ ಮಾತು ಕಾದಿದೆ. ನಾವು ಹೊರಡುವಾಗ ಆ ವಠಾರದ ತಾಯಿಯೊಬ್ಬರು, "ನಮ್ಮ ಬೀದಿಯ ಹೆಸರು ಮಾತ್ರ ಬರೆಯಬೇಡಿ ಅಣ್ಣಾ" ಎಂದರು. ಕರೆಂಟಿಗಿಂತ ಆಕೆಗೆ ಮಾಲೀಕರ ಭಯವೇ ಹೆಚ್ಚು. ಬರೆದಿಲ್ಲ.

ಮಾಲೀಕರೆಲ್ಲ ದುಷ್ಟರೆಂದು ನಮ್ಮ ವಾದವಲ್ಲ. ಈ ವಠಾರದ ಮಾಲೀಕರೂ ನಿವೃತ್ತರು. ಬಾಡಿಗೆಯೇ ಅವರ ಜೀವನ. ಆದರೆ ಬಾಡಿಗೆ ಪಡೆಯುವ ಹಕ್ಕಿನ ಬೆನ್ನಿಗೇ ವಾಸಯೋಗ್ಯವಾದ ಮನೆ ಕೊಡುವ ಹೊಣೆಯೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯೇ ಈ ಹೊಣೆಯನ್ನು ಹಂಚಿದೆ: ಸ್ವಿಚ್ಚು, ಸಾಕೆಟ್ಟುಗಳ ದುರಸ್ತಿ ಬಾಡಿಗೆದಾರನದು, ಮನೆಯ ಒಳಗಿನ ಹೊರಗಿನ ವೈರಿಂಗು ಮಾಲೀಕನದು. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯಿದೆಯಲ್ಲಿ ಬರೆದುಕೊಂಡರಷ್ಟೇ ಅದಕ್ಕೆ ಬಲ. ವೈರಿಂಗಿನ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಿಸಬೇಕೆಂಬ ನಿಯಮವೂ ಇದೆ. ಗೋಡೆ ಮುಚ್ಚಿದ ಮೇಲೆ ಅದನ್ನು ನೋಡುವವರಾರು?

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ತಿಂಗಳಿಗೆ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನ ಸೌಲಭ್ಯವನ್ನು ಬಾಡಿಗೆದಾರರಿಗೂ ಕೊಡಲಾಯಿತು. ಅದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಬಾಡಿಗೆದಾರನನ್ನು ಬಳಕೆದಾರನೆಂದು ಗುರುತಿಸಿದ ಸರ್ಕಾರ, ಅವನ ಪ್ರಾಣಕ್ಕೂ ಅಷ್ಟೇ ಲೆಕ್ಕ ಇಡಲಿ.

ನಮ್ಮ ಒತ್ತಾಯಗಳು ಮೂರು. ಮನೆ ಬಾಡಿಗೆಗೆ ಕೊಡುವ ಮುನ್ನ ಪರವಾನಗಿದಾರರಿಂದ ವೈರಿಂಗು ಪರೀಕ್ಷಿಸಿ, ಆ ಪತ್ರವನ್ನು ಕರಾರಿಗೆ ಲಗತ್ತಿಸಬೇಕು. ಬಾಡಿಗೆದಾರ ಅರ್ಜಿ ಕೊಟ್ಟರೆ ವಿದ್ಯುತ್ ಕಂಪನಿಯ ಸಿಬ್ಬಂದಿ ಬಂದು ನೋಡಬೇಕು. ದೂರು ಕೊಟ್ಟ ಕಾರಣಕ್ಕೆ ಯಾರನ್ನೂ ಮನೆ ಬಿಡಿಸಬಾರದು.

ಇದೆಲ್ಲ ಕಾಯಿದೆಯಾಗುವ ತನಕ ಓದುಗರು ಸುಮ್ಮನೆ ಕೂರಬೇಕಾಗಿಲ್ಲ. ಬೋರ್ಡಿಗೆ ನೀವೇ ಕೈ ಹಾಕಬೇಡಿ. ಕೈ ಹೊಡೆದ ಉಪಕರಣವನ್ನು ಮತ್ತೆ ಬಳಸಬೇಡಿ. ಒಬ್ಬೊಬ್ಬರಾಗಿ ಹೇಳಿದರೆ ಚಪ್ಪಲಿಯ ಉಪದೇಶ ಸಿಗುತ್ತದೆ. ಆದ್ದರಿಂದ ವಠಾರದವರೆಲ್ಲ ಒಂದೇ ಕಾಗದಕ್ಕೆ ಸಹಿ ಮಾಡಿ ಮಾಲೀಕರಿಗೆ ಕೊಡಿ, ಪ್ರತಿಯನ್ನು ವಿದ್ಯುತ್ ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಆ ವಠಾರದ ಐದು ಮನೆಯವರೂ ಮೊನ್ನೆ ಸಹಿ ಮಾಡಿದರು. ಮೊದಲ ಸಹಿ, ಬೀದಿಯ ಹೆಸರು ಬರೆಯಬೇಡಿ ಎಂದಿದ್ದ ತಾಯಿಯದೇ.