ಅಟ್ಟದ ಮೇಲಿನ ಸೈಕಲ್‌ಗೆ ಒಂದೇ ಗೇರ್ ಸಾಕು

ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ, ಗುಜರಿ ಅಂಗಡಿಗಳ ಮೂಲೆಯಲ್ಲಿ ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಹಳೆಯ ರೇಸ್ ಸೈಕಲ್‌ಗಳು ಧೂಳು ಹಿಡಿದು ನಿಂತಿರುತ್ತವೆ. ಒರೆಸಿ ನೋಡಿದರೆ ಉಕ್ಕಿನ ಫ್ರೇಮು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಗೇರು: ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ನ ಸ್ಪ್ರಿಂಗ್ ಸೋತಿರುತ್ತದೆ, ಕೇಬಲ್ ತುಕ್ಕು ಹಿಡಿದಿರುತ್ತದೆ, ಹಿಂದಿನ ಹಲ್ಲುಗಳು ಸವೆದಿರುತ್ತವೆ. ಅಂಗಡಿಗೆ ಒಯ್ದರೆ ‘ಇದರ ಪಾರ್ಟ್ಸ್ ಈಗ ಬರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಲ್ಲಿಗೆ ಸೈಕಲ್ಲಿನ ಆಯುಸ್ಸು ಮುಗಿಯಿತೆಂದು ನಾವು ಕೈಚೆಲ್ಲುತ್ತೇವೆ. ಹಾಗೆ ಕೈಚೆಲ್ಲಬೇಕಿಲ್ಲ. ಸತ್ತ ಗೇರನ್ನು ಪೂರ್ತಿ ಬಿಚ್ಚಿ ಒಂದೇ ಗೇರಿನ ಸೈಕಲ್ಲಾಗಿ ಮಾಡಿಕೊಂಡರೆ ಅದು ಇನ್ನೂ ಬಹಳ ವರ್ಷ ಓಡುತ್ತದೆ. ಆದರೆ ತುಳಿಯುವುದನ್ನು ನಿಲ್ಲಿಸಿದರೂ ಗಾಲಿ ತಿರುಗಲು ಬಿಡುವ ಫ್ರೀವೀಲ್ ಇರಬೇಕು, ಎರಡೂ ಬ್ರೇಕ್ ಉಳಿಯಬೇಕು, ಫ್ರೇಮಿಗೆ ಗರಗಸ ತಾಗಬಾರದು.

ಗೇರ್ ಹೋದರೆ ಸೈಕಲ್ಲೇ ಹೋದಂತೆ ಎಂಬುದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ. 1970–80ರ ದಶಕದ ಒಂದು ‘ಹತ್ತು ಗೇರಿನ’ ಸೈಕಲ್ಲನ್ನೇ ತೆಗೆದುಕೊಳ್ಳಿ. ಮುಂದೆ 52 ಮತ್ತು 42 ಹಲ್ಲಿನ ಎರಡು ಚಕ್ರ, ಹಿಂದೆ 14, 17, 20, 24, 28 ಹಲ್ಲಿನ ಐದು ಚಕ್ರ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆಂದು ಗೊತ್ತಾಗುತ್ತದೆ. 52ಕ್ಕೆ 17 ಜೋಡಿಸಿದರೆ 3.06, 42ಕ್ಕೆ 14 ಜೋಡಿಸಿದರೆ 3. 52ಕ್ಕೆ 24 ಆದರೆ 2.17, 42ಕ್ಕೆ 20 ಆದರೆ 2.1. ಕಾಲಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಉಳಿದವನ್ನೂ ಹೀಗೆ ಜೋಡಿಸುತ್ತ ಹೋದರೆ ಹೆಸರಿಗೆ ಹತ್ತು ಗೇರ್, ಕೆಲಸಕ್ಕೆ ಆರೇ ಎಂದಾಗುತ್ತದೆ. ಆ ಆರರಲ್ಲೂ ತೀರಾ ಭಾರದ ಗೇರು ಇಳಿಜಾರಿಗೆ, ತೀರಾ ಹಗುರದ್ದು ಕಡಿದಾದ ಏರಿಗೆ. ಊರೊಳಗೆ ಬಳಕೆಗೆ ಬರುವುದು ನಡುವಿನದು. ಮುಂದೆ 42, ಹಿಂದೆ 18 ಹಲ್ಲು ಇಟ್ಟರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 4.9 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 17–18 ಕಿ.ಮೀ., 80 ಸುತ್ತು ತುಳಿದರೆ 23–24 ಕಿ.ಮೀ. ವೇಗ ಬರುತ್ತದೆ. ನಮ್ಮ ಪೇಟೆಯ ರಸ್ತೆಗಳಲ್ಲಿ ಇದಕ್ಕಿಂತ ಹೆಚ್ಚಿನ ವೇಗ ಇಟ್ಟುಕೊಂಡು ಮಾಡುವುದೇನೂ ಇಲ್ಲ.

ಒಂದೇ ಗೇರಿನ ಸೈಕಲ್ ನಮಗೆ ಹೊಸದೂ ಅಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಂಚೆ ಚೀಲ ಎಲ್ಲವನ್ನೂ ಹೊತ್ತ ಹೀರೋ, ಅಟ್ಲಾಸ್, ಹರ್ಕ್ಯುಲಸ್ ಸೈಕಲ್‌ಗಳಿಗೆ ಇದ್ದದ್ದು ಒಂದೇ ಗೇರ್. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರು ಮಾಡಿದ ಸೈಕಲ್ಲುಗಳೂ ಅಂಥವೇ. ಹೀಗಾಗಿ ಒಂಟಿ ಫ್ರೀವೀಲ್ ಮತ್ತು ಅದಕ್ಕೊಪ್ಪುವ ಚೈನು ಸಣ್ಣ ಊರಿನ ಪಂಕ್ಚರ್ ಅಂಗಡಿಯಲ್ಲೂ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಹಳೆಯ ರೇಸ್ ಸೈಕಲ್ಲಿನ ಹಿಂದಿನ ಹಬ್ಬಿಗೆ ಹಲ್ಲುಗಳ ಗೊಂಚಲನ್ನು ತಿರುಗಿಸಿ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ ಅದೇ ಥ್ರೆಡ್ಡಿಗೆ ಒಂಟಿ ಫ್ರೀವೀಲ್ ಹಾಕಬಹುದು. ಕೆಲವು ಹಳೆಯ ಫ್ರೆಂಚ್ ಹಬ್ಬುಗಳ ಥ್ರೆಡ್ ಬೇರೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ನಾಜೂಕಿನ ಕೆಲಸವೆಂದರೆ ಚೈನನ್ನು ನೇರಕ್ಕೆ ತರುವುದು: ಆ್ಯಕ್ಸಲಿನ ವಾಷರುಗಳನ್ನು ಆಚೀಚೆ ಮಾಡಿ, ರಿಮ್ಮು ಫ್ರೇಮಿನ ನಟ್ಟನಡುವೆ ಬರುವಂತೆ ಕಡ್ಡಿಗಳನ್ನು ಮತ್ತೆ ಬಿಗಿಯಬೇಕು. ಹಳೆಯ ಫ್ರೇಮುಗಳಲ್ಲಿ ಗಾಲಿ ಕೂರುವ ಸೀಳು ಉದ್ದುದ್ದಕ್ಕೆ ಇರುವುದರಿಂದ ಗಾಲಿಯನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ಬೆರಳಿಟ್ಟು ಒತ್ತಿದಾಗ ಚೈನು ಒಂದು ಸೆಂಟಿಮೀಟರಿನಷ್ಟು ಆಡಿದರೆ ಹದ ಸರಿಯಾಗಿದೆ ಎಂದರ್ಥ. ಈಚಿನ ಸೈಕಲ್‌ಗಳಲ್ಲಿ ಆ ಸೀಳು ನೆಟ್ಟಗೆ ಮೇಲ್ಮುಖವಾಗಿರುತ್ತದೆ, ಅವಕ್ಕೆ ಚೈನು ಬಿಗಿಯಲು ಬೇರೆಯದೇ ಬಿಡಿಭಾಗ ಬೇಕು. ಈ ಮಾರ್ಪಾಟು ಹಳೆಯ ಸೈಕಲ್ಲಿಗೆ ಸಲೀಸಾಗಿ ಒಗ್ಗುವುದು ಆ ಕಾರಣಕ್ಕೇ.

ಏರು ಬಂದರೆ ಏನು ಗತಿ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಿಲ್ಲದೆಯೇ 1910ರಲ್ಲಿ ಅದರ ಸವಾರರು ಸಮುದ್ರಮಟ್ಟದಿಂದ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯನ್ನು ದಾಟಿದ್ದರು. ಈ ಚರಿತ್ರೆಯನ್ನು ಎದೆಯುಬ್ಬಿಸಿ ಹೇಳುವವರಿದ್ದಾರೆ. ಆದರೆ ಅವರಲ್ಲಿ ಅನೇಕರು ಕಡಿದಾದ ಕಡೆ ಇಳಿದು ಸೈಕಲ್ ತಳ್ಳಿದ್ದರು; ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇಟ್ಟುಕೊಂಡು, ಏರು ಬಂದಾಗ ಗಾಲಿ ಬಿಚ್ಚಿ ತಿರುಗಿಸಿ ಹಾಕುವ ರೂಢಿಯೂ ಆ ಕಾಲದಲ್ಲಿತ್ತು. ಹಾಗಾಗಿ ಮಡಿಕೇರಿ, ಚಿಕ್ಕಮಗಳೂರಿನಂಥ ಊರಿನವರು, ಮಂಡಿನೋವಿರುವವರು ಗೇರನ್ನು ರಿಪೇರಿ ಮಾಡಿಸಿಕೊಳ್ಳುವುದೇ ಒಳ್ಳೆಯದು. ವಿಜಯಪುರ, ರಾಯಚೂರು, ದಾವಣಗೆರೆಯ ಬಯಲಿನಲ್ಲಿ ಈ ತೊಂದರೆ ಹೆಚ್ಚಾಗಿ ಕಾಡುವುದಿಲ್ಲ. ಬೆಂಗಳೂರು, ಮೈಸೂರಿನ ಸಾಧಾರಣ ಏರುಗಳಿಗೆ 18ರ ಬದಲು 20 ಹಲ್ಲಿನ ಫ್ರೀವೀಲ್ ಹಾಕಿದರೆ ತುಳಿತ ಹಗುರಾಗುತ್ತದೆ, ವೇಗ ತುಸು ತಗ್ಗುತ್ತದೆ, ಅಷ್ಟೆ.

ಇನ್ನು ‘ಫಿಕ್ಸೆಡ್ ಗೇರ್’ ಮೋಹ. ಇದರಲ್ಲಿ ಫ್ರೀವೀಲ್ ಇರುವುದಿಲ್ಲ; ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರಬೇಕು. ಸೈಕಲ್ ಪಂದ್ಯದ ಟ್ರ್ಯಾಕಾದ ವೆಲೋಡ್ರೋಮಿನಲ್ಲಿ ಓಡುವ ಸೈಕಲ್‌ಗಳು ಹೀಗೇ ಇರುತ್ತವೆ. ಅಲ್ಲಿಂದ ನ್ಯೂಯಾರ್ಕಿನ ಕೊರಿಯರ್ ಹುಡುಗರ ಕೈಗೆ ಬಂದು, ಮುಂದೆ ನಗರಗಳ ಫ್ಯಾಷನ್ನಾಯಿತು. ಸೈಕಲ್ಲಿನ ಮೇಲೆ ಹಿಡಿತ ಹೆಚ್ಚುತ್ತದೆ, ಕಾಲು ಪಳಗುತ್ತದೆ ಎಂಬ ಅದರ ಅಭಿಮಾನಿಗಳ ಮಾತು ಸುಳ್ಳಲ್ಲ. ಆದರೆ ನಮ್ಮ ರಸ್ತೆಯಲ್ಲಿ ಹಂಪು, ಗುಂಡಿ ಬಂದಾಗ ನಾವು ಮಾಡುವ ಮೊದಲ ಕೆಲಸವೇ ತುಳಿಯುವುದನ್ನು ನಿಲ್ಲಿಸಿ ಪೆಡಲ್‌ಗಳನ್ನು ಸಮಕ್ಕೆ ತರುವುದು. ಫಿಕ್ಸೆಡ್ ಗೇರಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. ತಿರುವಿನಲ್ಲಿ ವಾಲಿದಾಗ ಕೆಳಗಿನ ಪೆಡಲ್ ನೆಲಕ್ಕೆ ಬಡಿಯುವ ಅಪಾಯವೂ ಇದೆ. ಫ್ರೀವೀಲ್ ಕೂರುವ ಹಳೆಯ ಹಬ್ಬಿಗೇ ಫಿಕ್ಸೆಡ್ ಹಲ್ಲುಚಕ್ರ ತಿರುಗಿಸಿಬಿಡುವುದು ಇನ್ನೂ ಕೆಟ್ಟದ್ದು: ಎಡಕ್ಕೆ ತಿರುಗಿ ಬಿಗಿಯಾಗುವ ಲಾಕ್‌ರಿಂಗ್ ಅದರಲ್ಲಿಲ್ಲದ ಕಾರಣ, ಹಿಮ್ಮುಖವಾಗಿ ಒತ್ತಿದಾಗ ಹಲ್ಲುಚಕ್ರ ಕಳಚಿಕೊಳ್ಳಬಹುದು.

ಬ್ರೇಕೇ ಬೇಡ, ಕಾಲಿನಿಂದಲೇ ತಡೆಯುತ್ತೇವೆ ಎನ್ನುವ ವಾದವಂತೂ ಒಪ್ಪತಕ್ಕದ್ದಲ್ಲ. ಸೈಕಲ್ ನಿಧಾನವಾಗುವಾಗ ಭಾರ ಮುಂದಕ್ಕೆ ಸರಿಯುತ್ತದೆ. ಆಗ ನೆಲ ಕಚ್ಚಿ ಹಿಡಿಯುವುದು ಮುಂದಿನ ಗಾಲಿ, ಹಿಂದಿನದು ಜಾರುತ್ತದೆ. ಬ್ರಿಟನ್ನಿನ 1983ರ ನಿಯಮ ಫಿಕ್ಸೆಡ್ ಗೇರನ್ನು ಒಂದು ಬ್ರೇಕ್ ಎಂದು ಒಪ್ಪಿಕೊಂಡರೂ ಮುಂದಿನ ಬ್ರೇಕನ್ನು ಕಡ್ಡಾಯ ಮಾಡಿದೆ. 2016ರಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಇಂಥ ಸೈಕಲ್ ಡಿಕ್ಕಿಯಾಗಿ ಪಾದಚಾರಿ ಮಹಿಳೆಯೊಬ್ಬರು ಸತ್ತರು. ಮರುವರ್ಷ ಸವಾರನಿಗೆ 18 ತಿಂಗಳ ಶಿಕ್ಷೆಯಾಯಿತು. ಫಿಕ್ಸೆಡ್ ಗೇರಿನ ದೊಡ್ಡ ಪ್ರತಿಪಾದಕರಾಗಿದ್ದ ಅಮೆರಿಕದ ಸೈಕಲ್ ತಜ್ಞ ಶೆಲ್ಡನ್ ಬ್ರೌನ್ ಕೂಡ ರಸ್ತೆಗಿಳಿಯುವವರಿಗೆ ಮುಂದಿನ ಬ್ರೇಕ್ ಇರಲೇಬೇಕು ಎನ್ನುತ್ತಿದ್ದರು.

ಹಳೆಯ ಸೈಕಲ್ಲಿನ ಮೂಲ ರೂಪವನ್ನು ಕೆಡಿಸುವುದು ತಪ್ಪು ಎಂಬ ಸಂಗ್ರಾಹಕರ ಆಕ್ಷೇಪದಲ್ಲಿ ತಿರುಳಿದೆ. ಗೇರ್ ಇನ್ನೂ ಸರಿಯಾಗಿ ಓಡುತ್ತಿದ್ದರೆ, ಸೈಕಲ್ ಅಪರೂಪದ್ದಾಗಿದ್ದರೆ ಅದನ್ನು ಮುಟ್ಟದಿರುವುದೇ ಮೇಲು. ಕೇಬಲ್ ಹಿಡಿಯುವ ಕೊಂಡಿಗಳನ್ನು ಅರೆದು, ಡಿರೇಲರ್ ತೂಗುವ ಕಿವಿಯನ್ನು ಕತ್ತರಿಸಿ ಫ್ರೇಮನ್ನು ಬೋಳಿಸುವ ಫ್ಯಾಷನ್ನಿಗೆ ಯಾವ ಸಮರ್ಥನೆಯೂ ಇಲ್ಲ. ಅದರಿಂದ ತಗ್ಗುವುದು ಕೆಲವೇ ಗ್ರಾಂ ತೂಕ, ಕಳೆದುಹೋಗುವುದು ಮತ್ತೆ ಗೇರ್ ಕೂರಿಸುವ ದಾರಿ. ನಟ್ಟು ಬೋಲ್ಟು ಬಿಚ್ಚಿ ಮಾಡಿದ್ದನ್ನಾದರೆ ಯಾವಾಗ ಬೇಕಾದರೂ ಮೊದಲಿನಂತೆ ಮಾಡಬಹುದು. ಹೊಸ ಸೈಕಲ್ಲೇ ಕಡಿಮೆ ಬೆಲೆಗೆ ಬರುವಾಗ ಈ ತಾಪತ್ರಯ ಯಾಕೆ ಎಂದೂ ಕೇಳಬಹುದು. ಕಡಿಮೆ ಬೆಲೆಯ ಅನೇಕ ಗೇರ್ ಸೈಕಲ್‌ಗಳಲ್ಲಿ ಮೊದಲು ಕೈಕೊಡುವುದು ಗೇರೇ. ಅಂಥವನ್ನು ಕೊಂಡವರು ಕೆಲವು ವರ್ಷಗಳಲ್ಲಿ ಇದೇ ಸಮಸ್ಯೆಯ ಮುಂದೆ ನಿಲ್ಲುತ್ತಾರೆ.

ಆದ್ದರಿಂದ ಅಟ್ಟದ ಸೈಕಲ್ಲನ್ನು ಗುಜರಿಗೆ ತೂಗಿ ಹಾಕುವ ಮೊದಲು ಕೆಳಗಿಳಿಸಿ ನೋಡಿ. ಫ್ರೇಮಿನ ಕೂಡುಗಳಲ್ಲಿ ಬಿರುಕಿಲ್ಲ, ತುಕ್ಕು ಒಳಗಿಳಿದಿಲ್ಲ ಎಂದಾದರೆ ಹತ್ತಿರದ ಸೈಕಲ್ ಅಂಗಡಿಗೆ ಒಯ್ಯಿರಿ. ಗೇರ್ ಬಿಚ್ಚಿ ಒಂಟಿ ಫ್ರೀವೀಲ್ ಹಾಕಿ, ಚೈನು ನೇರ ಮಾಡಿ, ಎರಡೂ ಬ್ರೇಕಿಗೆ ಹೊಸ ರಬ್ಬರ್ ಹಾಕಿ, ಏನನ್ನೂ ಕತ್ತರಿಸಬೇಡಿ ಎಂದು ಹೇಳಿ. ರಿಮ್ಮು ಉಕ್ಕಿನದಾಗಿದ್ದರೆ ಮಳೆಯಲ್ಲಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಬಿಚ್ಚಿದ ಭಾಗಗಳನ್ನು ಅಂಗಡಿಯಲ್ಲೇ ಬಿಟ್ಟುಬರದೆ ಚೀಲದಲ್ಲಿ ಕಟ್ಟಿ ಮನೆಗೆ ತನ್ನಿ.