ಗಾಳದ ಗಂಟು ಮನೆಯಲ್ಲೇ ಆಗಲಿ

ತೋಟದ ಕೆಲಸ ಹಗುರ ಮಾಡಲು ನಾವು ಹೊಸ ಹೊಸ ಸಲಕರಣೆ ಹುಡುಕುತ್ತಲೇ ಇರುತ್ತೇವೆ. ಗಾಳ ಮಾತ್ರ ಹಿಂದಿದ್ದ ಹಾಗೇ ಇದೆ.

ಕರಾವಳಿ, ಮಲೆನಾಡಿನ ಹೊಳೆಬದಿಯ ಕೃಷಿಕರಲ್ಲಿ ಸಂಜೆ ಗಾಳ ಹಾಕಿ ಸಾರಿಗೆ ನಾಲ್ಕು ಮೀನು ತರುವವರು ಅನೇಕರು. ವಯಸ್ಸಾದ ಮೇಲೆ ಹಲವರು ಗಾಳವನ್ನು ಮಾಡಿಗೆ ಸಿಕ್ಕಿಸಿಬಿಡುತ್ತಾರೆ. ಕೇಳಿದ್ರೆ, "ಕಣ್ಣು ಕಾಣ್ಸುದಿಲ್ಲ ಮಾರಾಯ್ರೆ" ಎನ್ನುತ್ತಾರೆ. ಮೀನು ಕಚ್ಚಿದ್ದು ತಿಳಿಯುವುದು ಕೈಗೆ. ಕಣ್ಣು ಬೇಕಾಗುವುದು ಗಂಟಿಗೆ. ಕೊಕ್ಕೆ ಬೇರಿಗೆ ಸಿಕ್ಕಿ ಹರಿದರೆ ಮುಸ್ಸಂಜೆಯ ಮಬ್ಬಿನಲ್ಲಿ, ಒದ್ದೆ ಕೈಯಲ್ಲಿ ತಂಗೂಸಿ ದಾರವನ್ನು ಕೊಕ್ಕೆಯ ತೂತಿಗೆ ಪೋಣಿಸಬೇಕು. ಚಾಳೀಸು ಬಂದವರಿಗೆ ಇದು ಆಗುವ ಮಾತೇ?

ಈ ಕೆಲಸ ಹೊಳೆಬದಿಯಿಂದ ಜಗಲಿಗೆ ಬರಲಿ. ಹಗಲು ಹೊತ್ತಲ್ಲಿ, ಕನ್ನಡಕ ಹಾಕಿ, ಗೇಣುದ್ದದ ದಾರದ ತುಂಡುಗಳ ಒಂದು ತುದಿಗೆ ಕೊಕ್ಕೆ, ಇನ್ನೊಂದಕ್ಕೆ ಹೆಬ್ಬೆರಳು ತೂರುವಷ್ಟು ದೊಡ್ಡ ಕುಣಿಕೆ ಕಟ್ಟಿಡಿ. ದಾರ ಮಡಚಿ, ಜೋಡಿ ಎಳೆಯಲ್ಲೇ ಎರಡು ಸುತ್ತಿನ ಗಂಟು ಹಾಕಿ, ನೀರು ಹಚ್ಚಿ ಬಿಗಿದರೆ ಕುಣಿಕೆ ಜಾರುವುದಿಲ್ಲ. ಮೂಲ ದಾರದ ತುದಿಗೂ ಇಂಥದ್ದೇ ಕುಣಿಕೆ ಇರಲಿ. ಅದನ್ನು ತುಂಡಿನ ಕುಣಿಕೆಯೊಳಗೆ ತೂರಿಸಿ, ಅದರೊಳಗಿಂದ ಕೊಕ್ಕೆ ದಾಟಿಸಿ ಎಳೆದರೆ ಆಯ್ತು. ಕತ್ತಲಲ್ಲೂ ತಡವಿ ಮಾಡ್ಬಹುದು. ಕಟ್ಟಿದ ಕೊಕ್ಕೆಗಳನ್ನು ಹಳೇ ಹವಾಯಿ ಚಪ್ಪಲಿಯ ತುಂಡಿಗೆ ಚುಚ್ಚಿಟ್ಟರೆ ಕೈಗೂ ತಾಗದು, ಸಿಕ್ಕೂ ಆಗದು. ತುಂಡಿನ ದಾರ ಸ್ವಲ್ಪ ತೆಳ್ಳಗಿದ್ದರೆ (ಮೂಲ ದಾರ 0.35 ಮಿ.ಮೀ. ಇದ್ದರೆ ಇದು 0.30), ಹರಿದಾಗ ಹೋಗುವುದು ಕೊಕ್ಕೆ ಮಾತ್ರ.

ಪೇಟೆಯಲ್ಲಿ ಇದಕ್ಕೆಂದೇ ಕ್ಲಿಪ್ಪು ಸಿಗುತ್ತದೆ. ಆದರೆ ಜೀರಿಗೆಯಷ್ಟು ಸಣ್ಣ ಕ್ಲಿಪ್ಪು ತೆರೆಯುವುದು ನಡುಗುವ ಬೆರಳಿಗೆ ಗಂಟಿಗಿಂತಲೂ ಕಷ್ಟ. ಕುಣಿಕೆ ಕಂಡರೆ ಮೀನು ಹೆದರುತ್ತದೆ ಎನ್ನುವವರೂ ಇದ್ದಾರೆ. ಮಳೆಗಾಲದ ಕೆಂಪು ನೀರಿನಲ್ಲಿ ಆ ಚಿಂತೆ ಬೇಡ. ತಿಳಿನೀರಾದರೆ ತುಂಡು ಮೊಳದಷ್ಟು ಉದ್ದ ಇರಲಿ.

ಸೀಸದ ಗುಂಡನ್ನು ಹಲ್ಲಲ್ಲಿ ಕಚ್ಚಿ ಬಿಗಿಯುವ ಅಭ್ಯಾಸವೂ ನಿಲ್ಲಬೇಕು. ಸೀಸ ವಿಷ. ಹಂಸಗಳು ನುಂಗಿ ಸಾಯುತ್ತಿದ್ದ ಕಾರಣಕ್ಕೆ ಇಂಗ್ಲೆಂಡಿನಲ್ಲಿ 1987ರಲ್ಲೇ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟ ನಿಷೇಧಿಸಿದರು. ನಮಗೆ ಕಬ್ಬಿಣದ ನಟ್ಟು ಸಾಕು. ಮೂಲ ದಾರಕ್ಕೆ ಒಮ್ಮೆ ಕಟ್ಟಿದರೆ ಕೊಕ್ಕೆ ಬದಲಿಸುವಾಗ ಅದನ್ನು ಮುಟ್ಟಬೇಕಿಲ್ಲ.

"ಇನ್ನು ಸಾಕು ಅಜ್ಜಾ" ಎನ್ನುವ ಬದಲು ಮನೆಯ ಕಿರಿಯರು ಭಾನುವಾರ ಹತ್ತು ಕೊಕ್ಕೆ ಕಟ್ಟಿಕೊಡಲಿ. ಯಾವ ಗುಂಡಿಯಲ್ಲಿ ಯಾವ ತಿಂಗಳು ಯಾವ ಮೀನು ಎಂಬ ಲೆಕ್ಕ ಇರುವುದು ಅಜ್ಜನ ತಲೆಯಲ್ಲಿ. ಗಾಳ ಮಾಡು ಸೇರಿದರೆ ಆ ತಿಳಿವಳಿಕೆಯೂ ಅಲ್ಲಿಗೇ ಮುಗಿಯಿತು. ನಿಮ್ಮಲ್ಲಿ ಇದಕ್ಕಿಂತ ಸುಲಭದ ಉಪಾಯ ಇದ್ದರೆ ದಯವಿಟ್ಟು ಬರೆಯಿರಿ.