ಬಹುಸ್ಥಳ ಪ್ರಯೋಗಗಳಲ್ಲಿ ಕಿರಿಯ ಸಂಶೋಧಕರ ಮಾತಿಗೆ ಸ್ಥಾನವೆಲ್ಲಿ?

ನೀವು ಬಿತ್ತುವ ರಾಗಿ, ಸಾಮೆ ಅಥವಾ ನವಣೆಯ ಹೊಸ ತಳಿಯು ಬಿಡುಗಡೆಗೆ ಮುನ್ನ ಸಾಮಾನ್ಯವಾಗಿ ಹಲವು ಸಂಶೋಧನಾ ಕೇಂದ್ರಗಳಲ್ಲಿ ಏಕಕಾಲಕ್ಕೆ ಪರೀಕ್ಷೆಗೊಳಪಟ್ಟಿರುತ್ತದೆ. ದೇಶದಲ್ಲಿ 1957ರಲ್ಲಿ ಮೆಕ್ಕೆಜೋಳದಿಂದ ಆರಂಭವಾದ ಅಖಿಲ ಭಾರತ ಸುಸಂಘಟಿತ ಸಂಶೋಧನಾ ಪ್ರಾಯೋಜನೆಗಳ ಪದ್ಧತಿಯಿದು. ರಾಗಿಯೂ ಸೇರಿದಂತೆ ಸಣ್ಣ ಸಿರಿಧಾನ್ಯಗಳ ಸಮನ್ವಯ ಘಟಕವು ಬೆಂಗಳೂರಿನ ಜಿಕೆವಿಕೆ ಆವರಣದಿಂದ ಕಾರ್ಯನಿರ್ವಹಿಸಿದೆ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಬಳಿಕ ಈ ಬೆಳೆಗಳತ್ತ ಗಮನ ಹೆಚ್ಚಿರುವುದರಿಂದ, ಪ್ರಯೋಗದ ತಾಕಿನಲ್ಲಿ ಕಂಡದ್ದನ್ನು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ.

ಈ ಪದ್ಧತಿಯ ಬಲವಿರುವುದು ಏಕರೂಪತೆಯಲ್ಲಿ. ಎಲ್ಲೆಡೆ ಅವೇ ತಳಿಗಳು, ಅದೇ ಅಂತರ, ಅದೇ ನಮೂನೆಯ ಹಾಳೆ. ತಾಂತ್ರಿಕ ಕಾರ್ಯಕ್ರಮವನ್ನು ವಾರ್ಷಿಕ ಸಭೆಯಲ್ಲಿ ಹಿರಿಯ ವಿಜ್ಞಾನಿಗಳು ನಿರ್ಧರಿಸುತ್ತಾರೆ. ಆದರೆ ತೆಂಡೆಗಳನ್ನು ಎಣಿಸುವವರು, ಬೆಂಕಿ ರೋಗಕ್ಕೆ ಅಂಕ ನೀಡುವವರು, ಕಟಾವಿನ ದಿನ ತೂಕ ಬರೆದುಕೊಳ್ಳುವವರು ಬಹುಮಟ್ಟಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಸಂಶೋಧನಾ ಸಹಾಯಕರು ಹಾಗೂ ಕ್ಷೇತ್ರ ಸಹಾಯಕರು.

ಅಲ್ಪಾವಧಿ ತಳಿಯೊಂದು ಉಳಿದವುಗಳಿಗಿಂತ ಹದಿನೈದು ದಿನ ಮೊದಲೇ ಕಾಳು ಕಟ್ಟಿತೆಂದು ಭಾವಿಸಿ. ಸುತ್ತಲಿನ ತಾಕುಗಳು ಇನ್ನೂ ಹಸಿರಾಗಿರುವಾಗ ಹಕ್ಕಿಗಳೆಲ್ಲ ಅದೊಂದಕ್ಕೇ ಎರಗುತ್ತವೆ. ಹಾಳೆಯಲ್ಲಿ ದಾಖಲಾಗುವುದು ಕಡಿಮೆ ಇಳುವರಿ ಮಾತ್ರ. ವಿದ್ಯಾರ್ಥಿಯು ಷರಾ ಬರೆದಿದ್ದರೂ, ಎಲ್ಲ ಕೇಂದ್ರಗಳ ಅಂಕಿಗಳನ್ನು ಕ್ರೋಡೀಕರಿಸುವ ಹೊತ್ತಿಗೆ ಅದು ಉದುರಿಹೋಗುವ ಸಾಧ್ಯತೆಯೇ ಹೆಚ್ಚು. ಸರಾಸರಿಯಲ್ಲಿ ಹಿಂದೆ ಬಿದ್ದ ತಳಿ ಮುಂದಿನ ಹಂತಕ್ಕೆ ಹೋಗದು. ಮಳೆ ತಡವಾದ ವರ್ಷ ಖುಷ್ಕಿ ರೈತನಿಗೆ ಬೇಕಾಗಿದ್ದ ತಳಿಯೇ ಹೀಗೆ ಕೈತಪ್ಪಬಹುದು.

ಕಿರಿಯರೇಕೆ ಬಾಯಿ ಬಿಡುವುದಿಲ್ಲ ಎಂದು ಕೇಳುವವರಿದ್ದಾರೆ. ಕಾರಣ ಗುಟ್ಟೇನಲ್ಲ. ಪ್ರಬಂಧಕ್ಕೆ ಸಹಿ ಹಾಕುವವರು, ಗುತ್ತಿಗೆಯ ಅವಧಿ ವಿಸ್ತರಣೆಗೆ ಶಿಫಾರಸು ಮಾಡುವವರು ಎದುರಿಗೇ ಕುಳಿತಿರುತ್ತಾರೆ. ಇಪ್ಪತ್ತು ಮಂದಿಯ ಸಮಿತಿಗೆ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯನ್ನು ಸೇರಿಸುವುದರಿಂದ ಇದು ಸರಿಹೋಗದು. ಅವರು ಹಾಜರಿ ಪುಸ್ತಕಕ್ಕೆ ಸಹಿ ಮಾಡಿ, ಚಹಾ ಕುಡಿದು ಮರಳುತ್ತಾರೆ. ಮಾತನಾಡಲು ಧೈರ್ಯವೇ ಬೇಕಾಗದಂತಹ ಕ್ರಮ ಅಗತ್ಯ.

ನೀವು ಪ್ರಧಾನ ಸಂಶೋಧಕರಾಗಿದ್ದಲ್ಲಿ, ಷರಾಗಳನ್ನು ಒಂದು ಪುಟದ ಕ್ಷೇತ್ರ ಟಿಪ್ಪಣಿಯಾಗಿಸಿ, ಬರೆದವರ ಹೆಸರಿನೊಂದಿಗೆ ದತ್ತಾಂಶದ ಜೊತೆಗೇ ಕಳುಹಿಸಿರಿ. ಪರಿವೀಕ್ಷಣಾ ತಂಡ ಬಂದಾಗ ತಾಕನ್ನು ನೋಡಿಕೊಂಡವರೇ ವಿವರಿಸಲಿ, ಅದೂ ಮೊದಲಿಗೆ; ಹಿರಿಯರ ಅಭಿಪ್ರಾಯ ಹೊರಬಿದ್ದ ಮೇಲೆ ಅದಕ್ಕೆ ವಿರುದ್ಧವಾದುದನ್ನು ನುಡಿಯುವವರು ವಿರಳ. ಲೇಖನದಲ್ಲಿ ಯಾರ ಹೆಸರು ಬರಬೇಕೆಂಬುದನ್ನು ಬಿತ್ತನೆಗೆ ಮುನ್ನವೇ ಲಿಖಿತವಾಗಿ ನಿರ್ಧರಿಸಿಕೊಳ್ಳಿ. ‘ಕ್ರೆಡಿಟ್’ ಎಂಬ ಅಂತರರಾಷ್ಟ್ರೀಯ ವರ್ಗೀಕರಣವು ಸಂಶೋಧನೆಯ ಕೊಡುಗೆಯನ್ನು 14 ಪಾತ್ರಗಳಾಗಿ ವಿಂಗಡಿಸಿದೆ. ಅದರಲ್ಲಿ ದತ್ತಾಂಶ ಸಂಗ್ರಹಣೆ ಹಾಗೂ ನಿರ್ವಹಣೆಗೂ ಸ್ಥಾನವಿದೆ. (ರೋಗವನ್ನು ಎಷ್ಟೋ ವೇಳೆ ಮೊದಲು ಗುರುತಿಸುವ ಕಳೆ ಕೀಳುವ ಮಹಿಳೆಯರಿಗೆ ಮಾತ್ರ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲ.)

ನೀವು ವಿದ್ಯಾರ್ಥಿಯಾಗಿದ್ದಲ್ಲಿ, ‘ಹಕ್ಕಿ ತಿಂದಿದೆ’ ಎಂದಷ್ಟೇ ಬರೆದರೆ ಸಾಲದು. ದಿನಾಂಕ, ತಾಕಿನ ಸಂಖ್ಯೆ, ಎಷ್ಟನೆಯ ಪುನರಾವರ್ತನೆ, ಎಷ್ಟು ತೆನೆಗಳಿಗೆ ಹಾನಿಯಾಗಿದೆ ಎಂಬುದನ್ನು ಅಂದೇ ನಮೂದಿಸಿ, ಛಾಯಾಚಿತ್ರ ತೆಗೆದಿಡಿ. ಕಟಾವಾದ ಮೇಲೆ ಆ ಸಾಕ್ಷ್ಯ ಮತ್ತೆ ದೊರೆಯುವುದಿಲ್ಲ.